ಶುಗರ್ ಇರುವ ಬಡ ಕುಟುಂಬಗಳಿಗೆ ಮೊಬೈಲ್ ಗುಂಪು: ಸುಮ್ಮನಾದವರನ್ನು ತಲುಪುವುದು ಹೇಗೆ?

ನಿವೃತ್ತ ಅಕ್ಕೋರು, ಅಂಕೋಲಾ
ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಅಂಕೋಲಾ ತಾಲೂಕಿನ ಕಡಲಬದಿಯ ಶಾಲೆಗಳಲ್ಲಿ 31 ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ನನಗೂ 12 ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಕಳೆದ ದೀಪಾವಳಿಯ ಸುಮಾರಿಗೆ ನಮ್ಮೂರಿನ ಮತ್ತು ಆಚೀಚೆ ಕೇರಿಗಳ ಶುಗರ್ ಇರುವವರನ್ನು ಸೇರಿಸಿ ವಾಟ್ಸಾಪ್ ಗುಂಪೊಂದನ್ನು ಕಟ್ಟಿದೆ. ಒಟ್ಟು 43 ಜನ ಸೇರಿದರು. ಹೆಚ್ಚಿನವರು ಮೀನು ಮಾರುವ ಹೆಂಗಸರು, ದೋಣಿಗೆ ಹೋಗುವವರು, ಗದ್ದೆ ಕೂಲಿಯವರು, ಹಾಲಕ್ಕಿ ಸಮುದಾಯದವರ ಕೇರಿಗಳಾದ ಕೊಪ್ಪಗಳಲ್ಲಿ ತರಕಾರಿ ಬೆಳೆದು ಪೇಟೆಗೆ ಹೊತ್ತು ತರುವವರು. ತಿಂಗಳ ಸಂಬಳ ಇರುವವರು ಏಳೆಂಟು ಮಂದಿ ಮಾತ್ರ.

ನನ್ನ ಹಳೆಯ ವಿದ್ಯಾರ್ಥಿಗಳು ಹಣ ಹಾಕಿ ಎರಡು ಗ್ಲುಕೋಮೀಟರ್ ಕೊಡಿಸಿದರು. ಅವನ್ನು ಎರಡು ಮನೆಗಳಲ್ಲಿಟ್ಟು, ಪ್ರತಿ ಶುಕ್ರವಾರ ಬೆಳಿಗ್ಗೆ ಯಾರು ಬೇಕಾದರೂ ಬಂದು ಬೆರಳು ಚುಚ್ಚಿಸಿಕೊಂಡು ಹೋಗಬಹುದೆಂದು ಗೊತ್ತು ಮಾಡಿದೆವು. ಬಂದ ಸಂಖ್ಯೆಯನ್ನು ಅವರವರೇ ಗುಂಪಿನಲ್ಲಿ ಹಾಕುತ್ತಿದ್ದರು. ಯಾರ ಸಂಖ್ಯೆ ಚೆನ್ನಾಗಿದೆಯೋ ಅವರಿಗೆ ಉಳಿದವರು ಶಾಭಾಸ್ ಹೇಳುತ್ತಿದ್ದರು. ಪಾಲಿಷ್ ಅಕ್ಕಿಯ ಅನ್ನ ಎಷ್ಟು ತಿನ್ನಬೇಕು, ಕುಚ್ಚಲಕ್ಕಿ ಗಂಜಿ ಆದೀತೇ, ಮೇ ತಿಂಗಳಲ್ಲಿ ಕರಿ ಇಶಾಡ ಮಾವಿನಹಣ್ಣು ಮನೆತುಂಬ ಇರುವಾಗ ಒಂದು ಹೋಳಿಗೂ ಆಸೆಪಡಬಾರದೇ ಎಂಬ ಪ್ರಶ್ನೆಗಳು ಬರುತ್ತಿದ್ದವು, ನನಗೆ ತಿಳಿದಷ್ಟು ಉತ್ತರ ಬರೆಯುತ್ತಿದ್ದೆ.

ಈಗ ಗುಂಪಿನಲ್ಲಿ ಬರೆಯುವವರು ಹದಿನೈದು ಜನ. ಮೊನ್ನೆ ಹೆಸರುಗಳನ್ನು ಒಂದು ಹಾಳೆಯ ಮೇಲೆ ಬರೆದು ನೋಡಿದಾಗ ನನ್ನ ಎದೆ ಭಾರವಾಯಿತು. ಆ ಹದಿನೈದರಲ್ಲಿ ಸಂಬಳದವರು, ಪಿಂಚಣಿಯವರು, ಓದು ಬರಹ ಚೆನ್ನಾಗಿ ಬಲ್ಲವರು ಎಲ್ಲರೂ ಇದ್ದಾರೆ. ಯಾರಿಗಾಗಿ ಈ ಗುಂಪನ್ನು ಕಟ್ಟಿದೆನೋ ಅವರಲ್ಲಿ ಬಹುಪಾಲು ಜನ ಸುಮ್ಮನಾಗಿದ್ದಾರೆ. ಗುಂಪು ಬಿಟ್ಟುಹೋದವರು ಒಬ್ಬರೂ ಇಲ್ಲ. ಎದುರಿಗೆ ಸಿಕ್ಕರೆ ನಗುತ್ತಾರೆ, ಶುಗರ್ ವಿಷಯ ತೆಗೆದರೆ ಮಾತು ಬದಲಿಸುತ್ತಾರೆ. ಜಿಲ್ಲೆಯ ಬೇರೆ ಕಡೆಗಳಲ್ಲಿ ಇಂಥ ಪ್ರಯತ್ನ ಮಾಡಿದವರು, ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವರು, ಸ್ವತಃ ಕಾಯಿಲೆಯೊಂದಿಗೆ ಬದುಕುತ್ತಿರುವವರು ದಯವಿಟ್ಟು ನಿಮ್ಮ ಅನುಭವ ಬರೆಯಿರಿ. ಅವರು ಸುಮ್ಮನಾದದ್ದು ಏಕೆ ಎಂಬುದು ನನಗೆ ತಿಳಿಯಬೇಕಾಗಿದೆ.

ಸಮುದಾಯ ಆರೋಗ್ಯ ಅಧಿಕಾರಿ, ಕುಮಟಾ ತಾಲೂಕು
ಸೋಮವಾರ ಸಂಜೆ

ಅಕ್ಕೋರೆ, ನಿಮ್ಮ ಹಾಳೆಯಲ್ಲಿರುವ ಒಂದೊಂದು ಹೆಸರಿನ ಮುಂದೆ ಇನ್ನೊಂದು ಪ್ರಶ್ನೆ ಬರೆದುಕೊಳ್ಳಿ: ಆ ಮೊಬೈಲ್ ನಂಬರು ಯಾರದು? ನನ್ನ ಉಪಕೇಂದ್ರದ ವ್ಯಾಪ್ತಿಯಲ್ಲಿ ನಾನು ಹೀಗೆ ನೋಡಿದಾಗ, ಶುಗರ್ ಇರುವ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೊಟ್ಟಿದ್ದು ಮಗನ ಅಥವಾ ಸೊಸೆಯ ನಂಬರಾಗಿತ್ತು. ಮಗ ಗೋವೆಗೆ ಕೆಲಸಕ್ಕೆ ಹೋದರೆ ಮೊಬೈಲೂ ಅವನ ಜೊತೆಗೇ ಹೋಗುತ್ತದೆ, ನಾವು ಕಳಿಸಿದ ಸಂದೇಶ ಮಡಗಾಂವ್‌ನ ಯಾವುದೋ ಕೋಣೆಯಲ್ಲಿ ತೆರೆದುಕೊಳ್ಳುತ್ತದೆ. ಹೆಸರು ಗುಂಪಿನಲ್ಲಿ ಇರುತ್ತದೆ, ಮನುಷ್ಯರು ಇರುವುದಿಲ್ಲ.

ಎರಡನೆಯದು ತಿಂಗಳುಗಳ ಲೆಕ್ಕ. ನಿಮ್ಮವರು ಸುಮ್ಮನಾಗಿದ್ದು ಜೂನ್, ಜುಲೈ ಆಸುಪಾಸಿನಲ್ಲೇ ಎಂದು ನನ್ನ ಊಹೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಮೀನುಗಾರರ ಮನೆಯಲ್ಲಿ ಮೊದಲು ಕಡಿತವಾಗುವುದು ಮೊಬೈಲ್ ರೀಚಾರ್ಜ್, ಆಮೇಲೆ ತರಕಾರಿ, ಆಮೇಲೆ ಹೊರಗಿನಿಂದ ತರುವ ಗುಳಿಗೆ. ಪಡಿತರದ ಅಕ್ಕಿ ಮತ್ತು ಒಣಮೀನಿನಲ್ಲಿ ದಿನ ಕಳೆಯುವಾಗ ಶುಗರ್ ಏರುತ್ತದೆ. ಏರಿದ ಸಂಖ್ಯೆಯನ್ನು ನಲವತ್ತು ಜನರ ಮುಂದೆ ಹಾಕುವುದಕ್ಕೆ ಯಾರಿಗೆ ತಾನೇ ಮನಸ್ಸು ಬಂದೀತು?

ನಾವು ಈಗ ಮಾಡುತ್ತಿರುವುದನ್ನು ಹೇಳುತ್ತೇನೆ. 30 ವರ್ಷ ದಾಟಿದ ಎಲ್ಲರಿಗೂ ಶುಗರ್ ಮತ್ತು ರಕ್ತದೊತ್ತಡದ ತಪಾಸಣೆ ಮಾಡುವುದು ನಮ್ಮ ಕೆಲಸದ ಭಾಗವೇ ಆದ್ದರಿಂದ ಪಟ್ಟಿ ನಮ್ಮ ಬಳಿ ಮೊದಲೇ ಇರುತ್ತದೆ. ಯಾರು ತಿಂಗಳ ಗುಳಿಗೆ ಒಯ್ಯಲು ಬರಲಿಲ್ಲವೋ ಅವರ ಹೆಸರನ್ನು ಮರುದಿನವೇ ಆ ಕೇರಿಯ ಆಶಾ ಕಾರ್ಯಕರ್ತೆಗೆ ಕಳಿಸುತ್ತೇನೆ, ಅವರು ಮನೆಗೆ ಹೋಗಿ ವಿಚಾರಿಸುತ್ತಾರೆ. ವೈದ್ಯರ ಮಾತು ಬೇಕಾದಾಗ ರೋಗಿಯನ್ನು ಕೇಂದ್ರಕ್ಕೇ ಕರೆಸಿ, ದೂರದ ವೈದ್ಯರೊಂದಿಗೆ ಆನ್‌ಲೈನಿನಲ್ಲಿ ಮಾತಾಡುವ ಸರ್ಕಾರಿ ಸೇವೆಯಾದ ಇ-ಸಂಜೀವಿನಿಯಲ್ಲಿ ನನ್ನ ಎದುರಿಗೇ ಮಾತಾಡಿಸುತ್ತೇನೆ. ಆನ್‌ಲೈನ್ ನೆರವು ಎಂದರೆ ಮೊಬೈಲ್ ರೋಗಿಯ ಕೈಯಲ್ಲೇ ಇರಬೇಕೆಂದಿಲ್ಲ. ಅದು ಆಶಾ ಅವರ ಕೈಯಲ್ಲಿದ್ದರೂ ಸಾಕು, ಕೆಲವೊಮ್ಮೆ ಅದೇ ಹೆಚ್ಚು ಒಳ್ಳೆಯದು.

ಮೀನು ಮಾರುವವರ ಮಗಳು, ಕಾರವಾರ
ಸೋಮವಾರ ರಾತ್ರಿ

ನಾನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನನ್ನ ಆಯಿಗೆ 58 ವರ್ಷ. ಅವಳು ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ಬಂದರಿನ ಹರಾಜಿಗೆ ಹೋಗಿ, ಮೀನು ಕೊಂಡು, ಬುಟ್ಟಿಯಲ್ಲಿ ಐಸ್ ಹಾಕಿಸಿಕೊಂಡು ಮಾರ್ಕೆಟ್ಟಿಗೆ ಬಂದು ಕೂರುತ್ತಾಳೆ. ಹತ್ತು ಗಂಟೆಗೆ ಮುಂಚೆ ಅವಳಿಗೆ ತಿಂಡಿ ಇಲ್ಲ, ಚಹಾ ಒಂದೇ. ನಮ್ಮ ಕಡೆಯಲ್ಲೂ ಒಂದು ಗುಂಪಿತ್ತು. ಅದರಲ್ಲಿ ನಾನೇ ಆಯಿಯ ಪರವಾಗಿ ಸಂಖ್ಯೆ ಹಾಕುತ್ತಿದ್ದೆ. 112, 98, 91 ಎಂದು ಪ್ರತಿ ವಾರವೂ ಒಳ್ಳೆಯ ಸಂಖ್ಯೆ ಬರುತ್ತಿತ್ತು, ಎಲ್ಲರೂ ಹೆಬ್ಬೆರಳು ಎತ್ತಿದ ಚಿತ್ರ ಕಳಿಸುತ್ತಿದ್ದರು. ನನಗೂ ಹೆಮ್ಮೆಯಾಗುತ್ತಿತ್ತು.

ಒಂದು ದಿನ ಎಂಟೂವರೆಯ ಹೊತ್ತಿಗೆ ಆಯಿ ಗಿರಾಕಿಗೆ ಬಂಗಡೆ ಎಣಿಸಿಕೊಡುತ್ತಾ ಎಣಿಕೆ ತಪ್ಪಿದಳಂತೆ. ಇಪ್ಪತ್ತೈದು ವರ್ಷಗಳಿಂದ ಮೀನು ಮಾರುವವಳು ಆರರ ನಂತರ ಮತ್ತೆ ಮೂರು ಎಂದಳಂತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ಮುಖ ನೋಡಿದರೆ ಹಣೆಯೆಲ್ಲ ಬೆವರು, ಕೈಯಲ್ಲಿದ್ದ ಮೀನು ನಡುಗುತ್ತಿತ್ತು. ಐಸ್ ಮುಟ್ಟಿ ಮುಟ್ಟಿ ಕೈ ನಡುಗುತ್ತದೆ ಎಂದು ಆಯಿ ಹೇಳುತ್ತಾ ಹೇಳುತ್ತಾ ಬುಟ್ಟಿಯ ಮೇಲೇ ಒರಗಿಬಿಟ್ಟಳು. ಆ ಹೆಂಗಸಿಗೂ ಶುಗರ್ ಇತ್ತು, ಅದೇ ನಮ್ಮ ಪುಣ್ಯ. ಚಹಾದಂಗಡಿಯಿಂದ ಸಕ್ಕರೆ ತರಿಸಿ ನೀರಿನಲ್ಲಿ ಕದಡಿ, ಎಚ್ಚರ ಇರುವಾಗಲೇ ಕುಡಿಸಿದರು. ದವಾಖಾನೆಗೆ ಕರೆದುಕೊಂಡು ಹೋದ ಮೇಲೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಗುಳಿಗೆ ಎಷ್ಟೊತ್ತಿಗೆ ತಗೊಂಡಿರಿ, ಆಮೇಲೆ ಎಷ್ಟೊತ್ತಿಗೆ ಉಂಡಿರಿ?" ಆಯಿ ನಾಲ್ಕು ಗಂಟೆಗೆ ಗುಳಿಗೆ ನುಂಗಿದ್ದಳು. ಬೆಳಿಗ್ಗೆ ತಿಂಡಿಗೆ ಮುಂಚೆ ತೆಗೆದುಕೊಳ್ಳಿ ಎಂದು ಹೇಳಿದ್ದನ್ನು ಅವಳು ಬೆಳಿಗ್ಗೆ ಎದ್ದಕೂಡಲೇ ಎಂದು ತಿಳಿದಿದ್ದಳು.

ನಾಲ್ಕು ತಿಂಗಳು ನಾವು ಹಾಕಿದ ಸಂಖ್ಯೆಗೆ ಶಾಭಾಸ್ ಹೇಳಿದವರು ಒಬ್ಬರೂ ಈ ಪ್ರಶ್ನೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದಾದ ಮೇಲೆ ನಾವು ಆ ಗುಂಪಿನಲ್ಲಿ ಏನನ್ನೂ ಹಾಕಿಲ್ಲ. ಸಿಟ್ಟಿನಿಂದಲ್ಲ, ಹಾಕಿ ಏನು ಪ್ರಯೋಜನ ಎನ್ನಿಸಿತು ಅಷ್ಟೇ.

ಅಡಿಕೆ ತೋಟದ ಕೆಲಸದವನು, ಸಿದ್ದಾಪುರ ತಾಲೂಕು
ಮಂಗಳವಾರ ಬೆಳಿಗ್ಗೆ

ಘಟ್ಟದ ಮೇಲಿನವರ ವಿಷಯ ಒಂದು ಮಾತು. ನಮ್ಮ ಹಳ್ಳಿಯಲ್ಲಿ ಸಿಗ್ನಲ್ ಸಿಗಬೇಕಾದರೆ ಬೇಣದ (ಹುಲ್ಲುಗಾವಲಿನ) ದಿಬ್ಬ ಹತ್ತಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಟವರೂ ಇಲ್ಲ. ನನ್ನ ತಂದೆಗೆ ಇನ್ಸುಲಿನ್ ಇದೆ, ಮಂಡಿ ನೋವಿನಿಂದ ದಿಬ್ಬ ಹತ್ತಲಾರರು. ನಾನು ಸಂಜೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ಜೊತೆ ಕೆಲಸ ಮುಗಿಸಿ ದಿಬ್ಬದ ಮೇಲೆ ಹೋಗಿ ನಿಂತಾಗ ಬೆಳಗಿನಿಂದ ಬಂದ ಎಂಬತ್ತು ಸಂದೇಶ ಒಟ್ಟಿಗೆ ಬೀಳುತ್ತವೆ. ಅದರಲ್ಲಿ ಅರ್ಧ ಶುಭೋದಯ, ಹಬ್ಬದ ಶುಭಾಶಯ, ಹೂವಿನ ಚಿತ್ರ. ನಮಗೆ ಬೇಕಾದ ಉತ್ತರ ಎಲ್ಲೋ ನಡುವೆ ಹೂತುಹೋಗಿರುತ್ತದೆ. ವಾರಕ್ಕೆ ಒಂದೇ ಧ್ವನಿ ಸಂದೇಶ, ಎರಡು ನಿಮಿಷದ್ದು, ಗೊತ್ತಾದ ದಿನ ಬಂದರೆ ಅದನ್ನು ಇಳಿಸಿಕೊಂಡು ಮನೆಗೆ ತಂದು ತಂದೆಗೆ ಕೇಳಿಸಬಹುದು. ಕಾರವಾರದ ತಂಗಿ ಬರೆದದ್ದನ್ನು ನಿನ್ನೆ ರಾತ್ರಿ ದಿಬ್ಬದ ಮೇಲೇ ನಿಂತು ಪೂರ್ತಿ ಓದಿದೆ.

ವೈದ್ಯ, ಹೊನ್ನಾವರ
ಮಂಗಳವಾರ ಮಧ್ಯಾಹ್ನ

ಕಾರವಾರದ ಸಹೋದರಿ ಬರೆದದ್ದನ್ನು ಓದಿ ವೈದ್ಯನಾಗಿ ನನಗೆ ನಾಚಿಕೆಯಾಯಿತು, ಏಕೆಂದರೆ "ತಿಂಡಿಗೆ ಮುಂಚೆ" ಎಂದು ಚೀಟಿಯಲ್ಲಿ ಬರೆದು, ನಿಮ್ಮ ತಿಂಡಿ ಎಷ್ಟು ಗಂಟೆಗೆ ಎಂದು ಕೇಳದೆ ಕಳಿಸಿದವರಲ್ಲಿ ನಾನೂ ಒಬ್ಬ. ಗ್ಲಿಮೆಪಿರೈಡ್‌ನಂಥ ಗುಳಿಗೆಗಳು ಊಟ ಇದ್ದರೂ ಇಲ್ಲದಿದ್ದರೂ, ಶುಗರ್ ಇಳಿಸುವ ಇನ್ಸುಲಿನ್ ದೇಹದೊಳಗೆ ಬಿಡುಗಡೆಯಾಗುವಂತೆ ಮಾಡುತ್ತವೆ. ಆದ್ದರಿಂದ ಅವನ್ನು ದಿನದ ಮೊದಲ ಗಟ್ಟಿ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಶುಗರ್ ಹೀಗೆ ಕುಸಿಯುವುದು ಅಪರೂಪ. ಯಾವ ಗುಳಿಗೆ ನುಂಗುತ್ತಿದ್ದಾರೆ ಎಂಬುದು ತಿಳಿಯದೆ ಕೇವಲ ಸಂಖ್ಯೆಯನ್ನು ಹೊಗಳುವುದೂ ಬೈಯುವುದೂ ಎರಡೂ ಅಪಾಯ.

ಸಾಮಾನ್ಯವಾಗಿ ಬರಿಹೊಟ್ಟೆಯಲ್ಲಿ 80ರಿಂದ 130, ಊಟವಾಗಿ ಎರಡು ತಾಸಿಗೆ 180ಕ್ಕಿಂತ ಕಡಿಮೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7ರ ಒಳಗೆ ಇರಲಿ ಎನ್ನುತ್ತೇವೆ. ವಯಸ್ಸಾದವರಿಗೆ, ಒಬ್ಬರೇ ಇರುವವರಿಗೆ, ಪದೇ ಪದೇ ಶುಗರ್ ಕುಸಿಯುವವರಿಗೆ ಈ ಗುರಿಯನ್ನು ಸಡಿಲಿಸುತ್ತೇವೆ. 70ಕ್ಕಿಂತ ಕೆಳಗೆ ಹೋದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಸರಿಯಾದ ಮೇಲೆ ಏನಾದರೂ ಉಣ್ಣಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು. ಇಷ್ಟನ್ನು ಕನ್ನಡದಲ್ಲೂ ಕೊಂಕಣಿಯಲ್ಲೂ ಧ್ವನಿಮುದ್ರಿಸಿ ಗುಂಪಿನ ಮೇಲ್ಭಾಗದಲ್ಲಿ ಶಾಶ್ವತವಾಗಿ ಇಡಿ.

ಮೊಬೈಲ್ ಸಂದೇಶದಿಂದ ಪ್ರಯೋಜನವೇ ಇಲ್ಲವೇ ಎಂದರೆ, ಇದೆ. ದಕ್ಷಿಣ ಭಾರತದಲ್ಲಿ 537 ದುಡಿಯುವ ಗಂಡಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಿಯಮಿತವಾಗಿ ಸಂದೇಶ ಪಡೆದವರಲ್ಲಿ ಎರಡು ವರ್ಷಗಳೊಳಗೆ ಸಕ್ಕರೆ ಕಾಯಿಲೆ ಬಂದದ್ದು ನೂರಕ್ಕೆ 18 ಜನರಿಗೆ, ಪಡೆಯದವರಲ್ಲಿ 27 ಜನರಿಗೆ. ಆದರೆ ಅವರೆಲ್ಲ ಕಾಯಿಲೆಯ ಅಂಚಿನಲ್ಲಿದ್ದವರು, ಇನ್ನೂ ಕಾಯಿಲೆ ಬಂದಿರದವರು, ಕೈಯಲ್ಲಿ ಸ್ವಂತ ಫೋನ್ ಇದ್ದವರು. ನಮ್ಮ ಮೀನು ಮಾರುವ ತಾಯಂದಿರಿಗೆ ಅದೇ ಲೆಕ್ಕ ಹಾಗೆಯೇ ಅನ್ವಯಿಸುತ್ತದೆಂದು ನಾನು ಹೇಳಲಾರೆ.

ನಮ್ಮ ಪಕ್ಕದ ಗೋವೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 26ಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆಯಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಹೇಳಿತು. ಇಡೀ ದೇಶದ ಪ್ರಮಾಣ ನೂರಕ್ಕೆ 11.4. ಕಾರವಾರದವರ ಊಟ, ದುಡಿಮೆ, ನೆಂಟಸ್ತಿಕೆ ಎಲ್ಲವೂ ಗೋವೆಯೊಂದಿಗೆ ಹೆಣೆದುಕೊಂಡಿದೆ, ಆದ್ದರಿಂದ ನಾವು ಇದನ್ನು ದೂರದ ಸುದ್ದಿ ಎಂದು ಓದುವಂತಿಲ್ಲ.

ಔಷಧಿ ಅಂಗಡಿಯವರು, ಶಿರಸಿ
ಮಂಗಳವಾರ ರಾತ್ರಿ

ನನ್ನ ಅಂಗಡಿಗೆ ಬರುವವರನ್ನು ನೋಡಿ ಹೇಳುತ್ತೇನೆ. ಗುಳಿಗೆ ಈಗ ಅಷ್ಟು ದೊಡ್ಡ ಹೊರೆಯಲ್ಲ, ಸರ್ಕಾರಿ ದವಾಖಾನೆಯಲ್ಲಿ ಉಚಿತವಾಗಿ, ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಹೊರೆಯಾಗುವುದು ಗ್ಲುಕೋಮೀಟರಿನ ಸ್ಟ್ರಿಪ್. ಆಯುಷ್ಮಾನ್ ಕಾರ್ಡು ಆಸ್ಪತ್ರೆಗೆ ದಾಖಲಾದಾಗ ಕೈಹಿಡಿಯುತ್ತದೆ, ಮನೆಯಲ್ಲಿ ಬೆರಳು ಚುಚ್ಚಿಕೊಳ್ಳುವ ಖರ್ಚಿಗೆ ಬರುವುದಿಲ್ಲ. ಹಾಗಾಗಿ ಜನ ಒಂದು ಡಬ್ಬಿಯನ್ನು ತಿಂಗಳುಗಟ್ಟಲೆ ಉಳಿಸಿ ಬಳಸುತ್ತಾರೆ, ಮಳೆಗಾಲದ ತೇವಕ್ಕೆ ಮುಚ್ಚಳ ಸಡಿಲವಾಗಿದ್ದರೆ ಸ್ಟ್ರಿಪ್ ಕೆಟ್ಟು ತಪ್ಪು ಸಂಖ್ಯೆ ತೋರಿಸುತ್ತದೆ. ಡಬ್ಬಿ ಬಿಗಿಯಾಗಿ ಮುಚ್ಚಿದೆಯೇ, ತಾರೀಖು ಮುಗಿದಿದೆಯೇ ಎಂದು ಮೊದಲು ನೋಡಿ.

ಸಿದ್ದಾಪುರದ ತಮ್ಮನಿಗೆ: ಫ್ರಿಜ್ ಇಲ್ಲದ ಮನೆಯಲ್ಲಿ ಒಂದರೊಳಗೊಂದು ಮಣ್ಣಿನ ಮಡಕೆಯಿಟ್ಟು ನಡುವೆ ಒದ್ದೆ ಮರಳು ತುಂಬಿ ಇನ್ಸುಲಿನ್ ಇಡಬಹುದು ಎಂಬ ಸಲಹೆ ಬಹಳ ಓಡಾಡುತ್ತದೆ. ಅದು ಸರಿಯೇ, ಆದರೆ ಮಡಕೆ ತಂಪಾಗುವುದು ನೀರು ಆರುವುದರಿಂದ. ಒಣ ಹವೆಯ ಬಯಲುಸೀಮೆಯಲ್ಲಿ ಆಗುವಷ್ಟು ತಂಪು ನಮ್ಮ ತೇವದ ಗಾಳಿಯಲ್ಲಿ ಆಗುವುದಿಲ್ಲ. ಬಳಕೆಯಲ್ಲಿರುವ ಒಂದು ಬಾಟಲಿಯನ್ನು ಒಲೆಯಿಂದ ದೂರ, ಮನೆಯ ತಂಪು ಮೂಲೆಯಲ್ಲಿ ಸುಮಾರು ನಾಲ್ಕು ವಾರ ಇಟ್ಟುಕೊಳ್ಳಿ. ತೆರೆಯದ ಬಾಟಲಿಗಳನ್ನು ಫ್ರಿಜ್ ಇರುವ ನೆರೆಮನೆಯವರಲ್ಲಿ ಕೇಳಿ ಇಡಿ, ಐಸ್ ಪೆಟ್ಟಿಗೆಯ ಭಾಗದಲ್ಲಿ ಮಾತ್ರ ಬೇಡ.

ಇನ್ನೊಂದು ಮಾತು. ಸಕ್ಕರೆ ಬಿಟ್ಟಿದ್ದೇನೆ, ದೋಸೆಗೆ ಜೋನಿ ಬೆಲ್ಲ ಮಾತ್ರ ಎಂದು ಹೇಳುವವರು ವಾರಕ್ಕೆ ನಾಲ್ವರಾದರೂ ಸಿಗುತ್ತಾರೆ. ರಕ್ತಕ್ಕೆ ಎರಡೂ ಒಂದೇ.

ಕಾಲೇಜು ಉಪನ್ಯಾಸಕ, ಭಟ್ಕಳ
ಬುಧವಾರ ಬೆಳಿಗ್ಗೆ

ನಮ್ಮಲ್ಲಿ ರಂಜಾನ್ ತಿಂಗಳಲ್ಲಿ ಇದೇ ಮೌನ ಕಾಣುತ್ತದೆ. ಉಪವಾಸ ಹಿಡಿದದ್ದನ್ನು ಗುಂಪಿನಲ್ಲಿ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆಂದು ಜನ ಏನನ್ನೂ ಹೇಳದೆ ತಮಗೆ ತೋಚಿದಂತೆ ಗುಳಿಗೆ ಬಿಡುತ್ತಿದ್ದರು ಅಥವಾ ಎರಡು ಹೊತ್ತಿನದನ್ನು ಒಟ್ಟಿಗೆ ನುಂಗುತ್ತಿದ್ದರು. ಕಳೆದ ಎರಡು ವರ್ಷಗಳಿಂದ ನಾವು ಉಪವಾಸ ಆರಂಭವಾಗುವ ಒಂದು ತಿಂಗಳ ಮೊದಲೇ ವೈದ್ಯರ ಬಳಿ ಹೋಗಿ ಗುಳಿಗೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಿ ಎಂದು ಸಂದೇಶ ಕಳಿಸುತ್ತೇವೆ. ಬೆರಳು ಚುಚ್ಚಿ ನೋಡಿದರೆ ಉಪವಾಸ ಮುರಿಯುವುದಿಲ್ಲ, 70ಕ್ಕಿಂತ ಕೆಳಗಿಳಿದರೆ ಕೂಡಲೇ ಉಪವಾಸ ಬಿಡಬೇಕು ಎಂಬುದನ್ನು ನಮ್ಮ ಹಿರಿಯರ ಧ್ವನಿಯಲ್ಲೇ ಹೇಳಿಸುತ್ತೇವೆ. ಅದೇ ಮಾತನ್ನು ನಾನು ಹೇಳಿದಾಗ ಕೇಳದಿದ್ದವರು ಅವರು ಹೇಳಿದಾಗ ಕೇಳಿದರು. ಏಕಾದಶಿ, ಸಂಕಷ್ಟಿ ಹಿಡಿಯುವವರಿಗೂ ಇದು ಅನ್ವಯಿಸುತ್ತದೆಂದು ಭಾವಿಸುತ್ತೇನೆ.

ನಿವೃತ್ತ ಅಕ್ಕೋರು, ಅಂಕೋಲಾ
ಶುಕ್ರವಾರ ಸಂಜೆ

ನಿಮ್ಮೆಲ್ಲರ ಮಾತು ಓದಿ ಮೂರು ದಿನ ಕೇರಿ ಕೇರಿ ತಿರುಗಿದೆ. ಸುಮ್ಮನಾದ 28 ಜನರಲ್ಲಿ 19 ಜನರ ಮನೆಗೆ ಹೋಗಿ ಕೂತು ಬಂದೆ. ಹನ್ನೊಂದು ನಂಬರುಗಳು ಬೇರೆಯವರವು, ಕುಮಟೆಯ ತಂಗಿ ಹೇಳಿದ್ದು ಸರಿ. ನಾಲ್ವರ ಮನೆಯಲ್ಲಿ ರೀಚಾರ್ಜ್ ಇಲ್ಲ. ಮೂವರು ಸಂಖ್ಯೆ ಹೆಚ್ಚು ಬಂದದ್ದಕ್ಕೆ ನಾಚಿ ನಿಂತವರು. ಒಬ್ಬಳು ತಾಯಿ, ಮಗಳಿಗೆ ಗಂಡು ನೋಡುತ್ತಿದ್ದೇವೆ, ಮನೆಯಲ್ಲಿ ಶುಗರ್ ಇದೆಯೆಂದು ಊರೆಲ್ಲ ಓದುವುದು ಬೇಡ ಎಂದು ಮೆಲ್ಲಗೆ ಹೇಳಿದಳು. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಇನ್ನೊಂದನ್ನು ಬರೆಯದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಏಪ್ರಿಲ್‌ನಲ್ಲಿ ದೋಣಿಗೆ ಹೋಗುವ ಒಬ್ಬರು 312 ಎಂದು ಹಾಕಿದ್ದರು. ಗುಂಪಿನಲ್ಲಿ ಒಬ್ಬರು, ಇಷ್ಟು ಏರುವವರೆಗೆ ಏನು ಮಾಡುತ್ತಿದ್ದೀರಿ ಎಂದು ಗದರಿದರು. ಇನ್ನೊಬ್ಬರು ಎಲ್ಲಿಂದಲೋ ಬಂದ ಸಂದೇಶವೊಂದನ್ನು ಹಾಕಿದರು: ಏಕನಾಯಕನ ಬೇರಿನ ಕಷಾಯವನ್ನು 40 ದಿನ ಕುಡಿದರೆ ಗುಳಿಗೆ ಬಿಟ್ಟುಬಿಡಬಹುದು ಎಂದು. ನಾನು ಎರಡನ್ನೂ ಓದಿದೆ. ಗದರಿದ್ದು ತಪ್ಪು ಎಂದೂ ಹೇಳಲಿಲ್ಲ, ಗುಳಿಗೆ ಬಿಡಬೇಡಿ ಎಂದೂ ಬರೆಯಲಿಲ್ಲ. ಆ ದಿನ ಮನೆಯಲ್ಲಿ ನೆಂಟರಿದ್ದರು, ಆಮೇಲೆ ಬರೆದರಾಯಿತು ಎಂದು ಮರೆತೆ. ಅವರು ಅಂದಿನಿಂದ ಗುಂಪಿನಲ್ಲಿ ಒಂದಕ್ಷರ ಬರೆದಿಲ್ಲ. ಬುಧವಾರ ಅವರ ಮನೆಗೆ ಹೋದಾಗ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು, ಎಡಗಾಲಿನ ಕಿರುಬೆರಳು ಇರಲಿಲ್ಲ. ಗುಳಿಗೆ ಬಿಟ್ಟು ಕಷಾಯ ಕುಡಿದದ್ದು, ಮಳೆಯಲ್ಲಿ ಬಲೆ ಎಳೆಯುವಾಗ ಚಿಪ್ಪು ತಾಗಿ ಗಾಯವಾದದ್ದು, ಕಾಲಿಗೆ ಸ್ಪರ್ಶವೇ ಇಲ್ಲದ್ದರಿಂದ ವಾಸನೆ ಬರುವವರೆಗೂ ಗೊತ್ತಾಗದಿದ್ದದ್ದು, ಎಲ್ಲವನ್ನೂ ನಿಧಾನವಾಗಿ ಹೇಳಿದರು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಅವರ ಹೆಂಡತಿ ನನಗೆ ಬೆಲ್ಲ ಹಾಕದ ಚಹಾ ಮಾಡಿಕೊಟ್ಟರು.

ಇನ್ನು ಮುಂದೆ ಹೀಗೆ ಮಾಡುತ್ತೇನೆ. ಗುಂಪಿನಲ್ಲಿ ಯಾರೂ ಸಂಖ್ಯೆ ಹಾಕುವುದು ಬೇಡ, ಶುಕ್ರವಾರ ಬಂದವರ ಸಂಖ್ಯೆಯನ್ನು ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಪಕ್ಕದಲ್ಲೇ ಯಾವ ಗುಳಿಗೆ, ಎಷ್ಟು ಗಂಟೆಗೆ, ಆಮೇಲೆ ಉಂಡದ್ದು ಎಷ್ಟು ಗಂಟೆಗೆ ಎಂದು ಮೂರು ಕಾಲಮು. ಕಾಲಿನ ಅಡಿಯನ್ನು ನಾನೇ ನೋಡುತ್ತೇನೆ. ಎರಡು ಶುಕ್ರವಾರ ಬಾರದವರ ಮನೆಗೆ ಶನಿವಾರ ಯಾರಾದರೂ ಹೋಗಲೇಬೇಕು. ಗುಂಪಿನಲ್ಲಿ ವಾರಕ್ಕೊಂದು ಧ್ವನಿ ಸಂದೇಶ ಮಾತ್ರ, ಪ್ರಶ್ನೆಗಳು ನನಗೆ ಖಾಸಗಿಯಾಗಿ. ಔಷಧ ಬಿಡಿ ಎಂಬ ಸಂದೇಶ ಬಂದರೆ ಅದೇ ದಿನ ಅಳಿಸಿ, ಏಕೆ ಅಳಿಸಿದೆ ಎಂದು ಹೇಳುತ್ತೇನೆ. ಹೊನ್ನಾವರದ ಡಾಕ್ಟರೇ, ವಾರಕ್ಕೆ ಅರ್ಧ ತಾಸು ನಮಗಾಗಿ ಕೊಡಬಲ್ಲಿರಾ?

ವೈದ್ಯ, ಹೊನ್ನಾವರ
ಶುಕ್ರವಾರ ರಾತ್ರಿ

ಗುರುವಾರ ರಾತ್ರಿ ಎಂಟರಿಂದ ಎಂಟೂವರೆ. ನಿಮ್ಮ ಪುಸ್ತಕದ ಪುಟದ ಚಿತ್ರವನ್ನು ಹೆಸರು ಮುಚ್ಚಿ ಕಳಿಸಿ. ಕಿರುಬೆರಳು ಕಳೆದುಕೊಂಡವರ ಇನ್ನೊಂದು ಕಾಲನ್ನು ಈ ತಿಂಗಳೊಳಗೆ ಪರೀಕ್ಷೆ ಮಾಡಿಸಿ, ಅದು ಉಳಿದೆಲ್ಲಕ್ಕಿಂತ ತುರ್ತು. ಕಣ್ಣಿನ ಮತ್ತು ಮೂತ್ರದ ಪರೀಕ್ಷೆಯನ್ನೂ ಆಗಲೇ ಮಾಡಿಸಿ.

ಮೀನು ಮಾರುವವರ ಮಗಳು, ಕಾರವಾರ
ಶನಿವಾರ ಬೆಳಿಗ್ಗೆ

ಅಕ್ಕೋರೆ, ನೀವು ಬರೆದದ್ದನ್ನು ಆಯಿಗೆ ಕೊಂಕಣಿಯಲ್ಲಿ ಓದಿ ಹೇಳಿದೆ. ಕೊಂಕಣಿ ಧ್ವನಿ ಸಂದೇಶ ಬೇಕಾದರೆ ತಾನು ಹೇಳುತ್ತೇನೆ ಎಂದಳು. ಇವತ್ತು ಬೆಳಿಗ್ಗೆ ಐದು ಗಂಟೆಗೆ ಬಂದರಿನಲ್ಲಿ ದೋಣಿಯ ಸದ್ದಿನ ನಡುವೆಯೇ ಮುದ್ರಿಸಿದ್ದೇವೆ. ಒಂದು ನಿಮಿಷ ನಲವತ್ತು ಸೆಕೆಂಡಿದೆ. ಸೊಂಟದ ಚೀಲದಲ್ಲಿ ದುಡ್ಡಿನ ಜೊತೆ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳಿ, ಗುಳಿಗೆಯನ್ನು ತಿಂಡಿಯ ಡಬ್ಬಿಯ ಜೊತೆಗೇ ಕಟ್ಟಿಕೊಂಡು ಹೋಗಿ, ಡಬ್ಬಿ ತೆರೆದಾಗಲೇ ನುಂಗಿ ಎಂದು ಹೇಳಿದ್ದಾಳೆ. ಎಲ್ಲಿಗೆ ಕಳಿಸಲಿ?